ಸದನದಲ್ಲಿ ಆಡಿದ ಸುಳ್ಳು

ಅಧಿಕಾರಸ್ಥರ ಖಾಸಗಿ ಸಂಬಂಧಗಳನ್ನು ಪತ್ರಿಕೆಗಳು ಪ್ರಶ್ನಿಸಬಹುದೇ? 1963ರಲ್ಲಿ ಬ್ರಿಟನ್ ಈ ಪ್ರಶ್ನೆಯನ್ನು ಎದುರಿಸಿತು. ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ ಅವರಿಗೆ ಕ್ರಿಸ್ಟೀನ್ ಕೀಲರ್ ಎಂಬ ಯುವತಿಯೊಡನೆ ಸಂಬಂಧವಿತ್ತು. ಸೋವಿಯತ್ ರಾಯಭಾರ ಕಚೇರಿಯ ನೌಕಾ ಅಧಿಕಾರಿಯೊಬ್ಬನಿಗೂ ಆಕೆ ಪರಿಚಿತಳಾಗಿದ್ದರಿಂದ ದೇಶದ ಭದ್ರತೆಯ ಪ್ರಶ್ನೆ ಎದ್ದಿತು.

ಮಾನನಷ್ಟ ಮೊಕದ್ದಮೆಗೆ ಅಂಜಿ ಪತ್ರಿಕೆಗಳು ಸೂಚ್ಯವಾಗಿಯಷ್ಟೇ ಬರೆದವು. ಸಂಸತ್ತಿನೊಳಗಿನ ಮಾತಿಗೆ ಅಂಥ ಮೊಕದ್ದಮೆಯ ಭಯವಿಲ್ಲ. ಆದ್ದರಿಂದ ಮಾರ್ಚ್ 21ರಂದು ಸದಸ್ಯರು ಅಲ್ಲಿ ವಿಷಯ ಎತ್ತಿದರು. ಮರುದಿನ ಸಚಿವರು, ಅನುಚಿತವಾದುದೇನೂ ನಡೆದಿಲ್ಲವೆಂದು ಸದನಕ್ಕೆ ಹೇಳಿದರು. ಆರೋಪ ಮಾಡುವವರ ಮೇಲೆ ದಾವೆ ಹೂಡುವುದಾಗಿ ಎಚ್ಚರಿಸಿದರು. ಇಟಲಿಯ ಪತ್ರಿಕೆಯೊಂದರಿಂದ ಪರಿಹಾರವನ್ನೂ ಪಡೆದರು.

ಆದರೆ ಜೂನ್ 5ರಂದು ಸುಳ್ಳನ್ನು ಒಪ್ಪಿಕೊಂಡು ರಾಜೀನಾಮೆ ನೀಡಬೇಕಾಯಿತು. ಭದ್ರತೆಗೆ ಧಕ್ಕೆಯಾಗಿಲ್ಲವೆಂದು ಲಾರ್ಡ್ ಡೆನಿಂಗ್ ಅವರ ವಿಚಾರಣಾ ವರದಿ ತಿಳಿಸಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವಿದು: ಮಾನನಷ್ಟ ಕಾನೂನು ಇರುವುದು ನಿರಪರಾಧಿಯ ರಕ್ಷಣೆಗೆ. ಅದನ್ನೇ ಸುಳ್ಳಿಗೆ ಗುರಾಣಿಯಾಗಿ ಹಿಡಿದರೆ ಮೊದಲು ಬಾಯಿ ಕಟ್ಟುವುದು ಪತ್ರಿಕೆಗಳದು.