ಹುಲಿಯನ್ನು ನೋಡದೆ ಎಣಿಸುವುದು ಹೇಗೆ?



ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ನಾಗರಹೊಳೆ ಸಫಾರಿಗೆ ಕರೆದೊಯ್ದವರು ನಿಮ್ಮಲ್ಲಿ ಹಲವರಿರಬಹುದು. ಜಿಂಕೆ, ಕಾಟಿ, ಆನೆ ಕಾಣುತ್ತವೆ. ಹುಲಿ ಕಾಣಲು ಅದೃಷ್ಟ ಬೇಕು. ಹಾಗಾದರೆ ಕಾಡಿನಲ್ಲಿ ಇಷ್ಟು ಹುಲಿಗಳಿವೆ ಎಂದು ಲೆಕ್ಕ ಹಾಕುವುದು ಹೇಗೆ?

ಮೊದಲು ಹೆಜ್ಜೆ ಗುರುತೇ ಆಧಾರವಾಗಿತ್ತು. ಅರಣ್ಯ ಸಿಬ್ಬಂದಿ ದಾರಿಯಲ್ಲಿ ಕಂಡ ಹೆಜ್ಜೆಯ ಮೇಲೆ ಗಾಜು ಹಿಡಿದು ಆಕಾರ ಬರೆದುಕೊಳ್ಳುತ್ತಿದ್ದರು, ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ಹೆಜ್ಜೆ ನೋಡಿ ಹುಲಿಯನ್ನು ಗುರುತಿಸಬಹುದೆಂಬ ನಂಬಿಕೆ. ಆದರೆ ಒಂದೇ ಹುಲಿಯ ಹೆಜ್ಜೆ ಧೂಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಇಂಥ ಲೆಕ್ಕವನ್ನು ನಂಬಿ ಕೂತರೆ ಏನಾಗುತ್ತದೆಂದು ರಾಜಸ್ಥಾನದ ಸರಿಸ್ಕಾ ತೋರಿಸಿಕೊಟ್ಟಿತು. 2004ರ ಗಣತಿಯಲ್ಲಿ ಅಲ್ಲಿ 16ರಿಂದ 18 ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಒಂದೂ ಸಿಗಲಿಲ್ಲ. ಕಳ್ಳಬೇಟೆಗೆ ಬಲಿಯಾದ ಹುಲಿಗಳು ಕಡತದಲ್ಲಿ ಮಾತ್ರ ಬದುಕಿದ್ದವು.

ಇದಕ್ಕಿಂತ ಒಳ್ಳೆಯ ದಾರಿ ಆ ಹೊತ್ತಿಗಾಗಲೇ ನಮ್ಮ ನಾಗರಹೊಳೆಯಲ್ಲಿ ಸಿದ್ಧವಾಗಿತ್ತು! ಡಾ. ಉಲ್ಲಾಸ ಕಾರಂತರು (ಹೌದು, ಶಿವರಾಮ ಕಾರಂತರ ಮಗ) 1990ರ ದಶಕದಲ್ಲೇ ಅಲ್ಲಿ ಕ್ಯಾಮೆರಾ ಇಟ್ಟು ಹುಲಿಗಳನ್ನು ಅಂದಾಜು ಮಾಡಿ, 1995ರಲ್ಲಿ ಆ ವಿಧಾನವನ್ನು ಪ್ರಕಟಿಸಿದ್ದರು. ಹುಲಿ ಓಡಾಡುವ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಪ್ರಾಣಿ ನಡುವೆ ಹಾದರೆ ಫೋಟೋ ತಾನೇ ಬೀಳುತ್ತದೆ. ಎರಡು ಕ್ಯಾಮೆರಾ ಏಕೆಂದರೆ, ಹುಲಿಯ ಎಡಮೈ ಪಟ್ಟೆ ಬಲಮೈಯಂತಿರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆಗೆಲ್ಲ ರೀಲಿನ ಕ್ಯಾಮೆರಾ. ಆನೆ ಬಂದು ತುಳಿದರೆ ಅದೂ ಹೋಯಿತು.

ಆದರೂ ಎಲ್ಲ ಹುಲಿಗಳೂ ಕ್ಯಾಮೆರಾ ಮುಂದೆ ಬರುವುದಿಲ್ಲವಲ್ಲ? ಲೆಕ್ಕದ ಜಾಣತನ ಇರುವುದೇ ಇಲ್ಲಿ. ಮೊದಲ ಸುತ್ತಿನಲ್ಲಿ 20 ಹುಲಿಗಳ ಫೋಟೋ ಸಿಕ್ಕಿತು ಅಂದುಕೊಳ್ಳಿ. ಎರಡನೇ ಸುತ್ತಿನಲ್ಲೂ 20 ಸಿಕ್ಕವು, ಅವುಗಳಲ್ಲಿ 10 ಹಳೆಯ ಮುಖಗಳು. ಅಂದರೆ ಒಂದು ಸುತ್ತಿನಲ್ಲಿ ನಮಗೆ ಸಿಗುವುದು ಸುಮಾರು ಅರ್ಧದಷ್ಟು ಹುಲಿಗಳು. ಹಾಗಾಗಿ ಒಟ್ಟು 40ರ ಆಸುಪಾಸು ಇರಬೇಕು. ನಿಜವಾದ ಲೆಕ್ಕ ಇಷ್ಟು ಸರಳವಲ್ಲ, ತಿರುಳು ಇದೇ. ಕಾಣದ ಹುಲಿಗಳನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಇದನ್ನು ಗಣತಿ ಎನ್ನದೆ ಅಂದಾಜು ಎನ್ನುವುದೇ ಸರಿ.

ಹುಲಿಯೊಂದನ್ನೇ ಎಣಿಸಿದರೆ ಸಾಲದು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಅದಕ್ಕೇ ಬೆಳಗಿನ ಜಾವ ನೇರ ಗೆರೆಯಂಥ ದಾರಿಗಳಲ್ಲಿ ಸದ್ದಿಲ್ಲದೆ ನಡೆದು ಜಿಂಕೆ, ಕಡವೆ, ಕಾಟಿಗಳನ್ನೂ ಅಂದಾಜು ಮಾಡುತ್ತಾರೆ.

ಸರಿಸ್ಕಾದ ಆಘಾತದ ನಂತರ ದೇಶದ ಲೆಕ್ಕವೂ ಹೆಜ್ಜೆ ಗುರುತನ್ನು ಬಿಟ್ಟು ಕ್ಯಾಮೆರಾ ಹಿಡಿಯಿತು. 2006ರಲ್ಲಿ ಬಂದ ಅಂದಾಜು 1,411. 2022ರಲ್ಲಿ ಕನಿಷ್ಠ 3,167. ಕರ್ನಾಟಕದಲ್ಲಿ 563, ಮಧ್ಯಪ್ರದೇಶದ ನಂತರ ಎರಡನೇ ಸ್ಥಾನ. ಮುಂಬೈ ಕೇಳುಗರಿಗೆ ಇನ್ನೊಂದು ಸುದ್ದಿ: ನಿಮ್ಮ ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನದ ಚಿರತೆಗಳನ್ನೂ ಕ್ಯಾಮೆರಾ ಇಟ್ಟು, ಚುಕ್ಕೆ ನೋಡಿಯೇ ಗುರುತಿಸುತ್ತಾರೆ.

ಈ ಫೋಟೋಗಳು ಎಣಿಕೆಗಷ್ಟೇ ಅಲ್ಲ. 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಹಳ್ಳಿಗೆ ಬಂದ ಗಂಡು ಹುಲಿಯೊಂದನ್ನು ಹಿಡಿದರು. ಎಲ್ಲಿಯದು ಇದು? ಪಟ್ಟೆಗಳನ್ನು ಹಳೆಯ ಫೋಟೋಗಳ ಜೊತೆ ಹೋಲಿಸಿದಾಗ ತಿಳಿಯಿತು: ಅದು ಹಿಂದಿನ ವರ್ಷ ಬಂಡೀಪುರದ ಕ್ಯಾಮೆರಾಕ್ಕೆ ಸಿಕ್ಕಿದ್ದ ಹುಲಿ. ಕಾಡು, ತೋಟ, ಊರುಗಳ ನಡುವೆ ಸುಮಾರು 280 ಕಿ.ಮೀ. ದೂರ ಬಂದಿತ್ತು.