ಕ್ಯಾಲಿಫೋರ್ನಿಯದ ಓಕ್ ಮರವೂ ಮನೆಯ ತೋಟವೂ

ತೋಟದ ಗಿಡಕ್ಕೆ ಬೇಸಗೆಯಲ್ಲಿ ನೀರೆರೆಯುವುದು ಒಳ್ಳೆಯ ಕೆಲಸವೆಂದು ನಾವೆಲ್ಲರೂ ನಂಬಿದ್ದೇವೆ. ನೂರಾರು ವರ್ಷ ಬಾಳಬಲ್ಲ ಮರವೊಂದನ್ನು ಆ ನೀರೇ ಕೊಲ್ಲುವುದೂ ಉಂಟೆಂದರೆ ಆಶ್ಚರ್ಯವಾಗದಿರದು. ಅಮೆರಿಕದ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯದ ಓಕ್ ಮರಗಳ ವಿಷಯ ಹೀಗಿದೆ.

ದಕ್ಷಿಣ ಭಾರತದ ಕಾಡುಗಳಲ್ಲಿ ಓಕ್ ತಾನಾಗಿ ಬೆಳೆಯುವುದಿಲ್ಲ. ನಮ್ಮ ದೇಶದಲ್ಲಿ ಅದನ್ನು ಕಾಣಲು ಹಿಮಾಲಯಕ್ಕೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ಕ್ಯಾಲಿಫೋರ್ನಿಯದಲ್ಲಾದರೋ ಸುಮಾರು 20 ಜಾತಿಯ ಓಕ್‌ಗಳು ಸಹಜವಾಗಿಯೇ ಬೆಳೆಯುತ್ತವೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆಯಲ್ಲಿ ಹನಿಯೂ ಇಲ್ಲವೆನ್ನಬಹುದು. ನಮ್ಮ ಮುಂಗಾರಿಗೆ ಇದು ತೀರ ವಿರುದ್ಧವಾದ ಕ್ರಮ. ಆ ಕ್ರಮಕ್ಕೆ ಓಕ್ ಎಷ್ಟೋ ಸಾವಿರ ವರ್ಷಗಳಿಂದ ಒಗ್ಗಿಕೊಂಡಿದೆ.

ಬೇಸಗೆಯ ನೀರಿನಿಂದ ಆಗುವ ಕೇಡೇನು? ಓಕ್ ಬೇರುಗಳಲ್ಲಿ ಆರ್ಮಿಲೇರಿಯವೆಂಬ ಅಣಬೆಯೊಂದು ಮೊದಲೇ ನೆಲಸಿರುವುದುಂಟು. ಒಣಮಣ್ಣಿನಲ್ಲಿ ಅದು ತಲೆಯೆತ್ತಲಾರದು. ಆದರೆ ಮರದ ಕೆಳಗೆ ಹುಲ್ಲುಹಾಸನ್ನು ಬೆಳೆಸಿ ಪದೇ ಪದೇ ನೀರುಬಿಟ್ಟರೆ ಮಣ್ಣು ಏಕಕಾಲಕ್ಕೆ ಬೆಚ್ಚಗೂ ತೇವವಾಗಿಯೂ ಆಗುತ್ತದೆ. ಅಣಬೆ ಹಬ್ಬಿ ಬುಡ ಕೊಳೆಯುತ್ತದೆ. ಮೇಲೆ ಹಸುರಾಗಿಯೇ ಕಂಡ ಮರ ಒಂದು ದಿನ ಉರುಳಿಬೀಳಬಹುದು. ಆದುದರಿಂದ ಬೆಳೆದ ಮರದ ಕಾಂಡದ ಸುತ್ತ ಸುಮಾರು 10 ಅಡಿ ನೆಲವನ್ನು ಬೇಸಗೆಯಲ್ಲಿ ಒಣಗಲು ಬಿಡಬೇಕು.

ಇನ್ನು ಆಯ್ಕೆಯ ಮಾತು. ವಿಶಾಲವಾದ ನಿವೇಶನ, ಆಳವಾದ ಮಣ್ಣು ಇದ್ದರೆ ಕಣಿವೆಯ ಓಕ್, ಎಂದರೆ ಕ್ವೆರ್ಕಸ್ ಲೊಬೇಟ, ತಕ್ಕುದು; 100 ಅಡಿಗೆ ಮೀರಿಯೂ ಬೆಳೆಯಬಲ್ಲುದು, ಚಳಿಗಾಲದಲ್ಲಿ ಎಲೆಯುದುರಿಸುವುದು. ಸಮುದ್ರತೀರದ ಊರುಗಳಿಗೆ ನಿತ್ಯಹಸುರಿನ ಕ್ವೆರ್ಕಸ್ ಅಗ್ರಿಫೋಲಿಯ ಹೊಂದುತ್ತದೆ. ಚಿಕ್ಕ ಹಿತ್ತಿಲಿಗೆ ಪೊದೆಯಾಗಿಯೇ ನಿಲ್ಲುವ ಕ್ವೆರ್ಕಸ್ ಬರ್ಬೆರಿಡಿಫೋಲಿಯ ಸಾಕು.

ಜೊತೆಯ ಪೊದೆಗಳೂ ಬೇಸಗೆಯ ನೀರನ್ನು ಬೇಡದವೇ ಆಗಿರಬೇಕು. ಮರದ ನೆರಳಿಗೆ ಕಾಫಿಬೆರಿ. ಅರೆನೆರಳಿಗೆ, ಚಳಿಗಾಲದಲ್ಲಿ ಕೆಂಪು ಹಣ್ಣಿನ ಗೊಂಚಲು ತಳೆದು ಹಕ್ಕಿಗಳನ್ನು ಕರೆಯುವ ಟೊಯಾನ್. ಬಿಸಿಲಿರುವ ಅಂಚಿಗೆ ನೀಲಿ ಹೂವಿನ ಸಿಯನೋತಸ್. ಈ ಕೊನೆಯದರ ಬೇರಿನಲ್ಲಿ, ನಮ್ಮ ಅವರೆ ತೊಗರಿಗಳಲ್ಲಿರುವಂತೆ, ಗಂಟುಗಳಿವೆ; ಅವುಗಳಲ್ಲಿ ವಾಸಿಸುವ ಫ್ರಾಂಕಿಯವೆಂಬ ಸೂಕ್ಷ್ಮಾಣು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತದೆ.

ಓಕ್ ಬೀಜವನ್ನು ಕುಂಡಕ್ಕಿಂತ ನೆಲದಲ್ಲೇ ಬಿತ್ತುವುದು ಮೇಲು. ಚಿಗುರಿಗಿಂತ ಮೊದಲೇ ತಾಯಿಬೇರು ಆಳಕ್ಕಿಳಿಯುತ್ತದೆ. ಕುಂಡದಲ್ಲಿ ಅದು ಸುರುಳಿಸುತ್ತಿಕೊಳ್ಳುತ್ತದೆ. ಬೀಜಗಳನ್ನು ನೀರಿಗೆ ಹಾಕಿ, ತೇಲುವವನ್ನು ಬಿಟ್ಟು ಮುಳುಗಿದವನ್ನು ಆರಿಸಿ, ಮಳೆಗಾಲದ ಮೊದಲಲ್ಲಿ ಬಿತ್ತಬೇಕು. ಎಳೆಯ ಸಸಿಗೆ ಮಾತ್ರ ಮೊದಲ ಎರಡು ಮೂರು ಬೇಸಗೆ, ಅಪರೂಪಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರು ಕೊಡಬಹುದು.

ಕ್ಯಾಲಿಫೋರ್ನಿಯದಲ್ಲಿ ಮನೆಮಾಡಿರುವ ಕನ್ನಡಿಗರು ಇಂದು ಅನೇಕರಿದ್ದಾರೆ. ಹಿತ್ತಿಲಲ್ಲಿ ಹಳೆಯ ಓಕ್ ಇದ್ದವರು ನೀರಿನ ಕೊಳಾಯಿಯನ್ನು ಅದರ ಬುಡದಿಂದ ದೂರವಿಡುವುದು ಮೊದಲ ಕೆಲಸ. ನಮ್ಮೂರಿನಲ್ಲಿರುವ ನಾವಾದರೂ ಹೊಸ ಗಿಡವನ್ನು ತರುವ ಮುನ್ನ, ಅದರ ತವರಿನಲ್ಲಿ ಮಳೆ ಯಾವ ತಿಂಗಳಲ್ಲಿ ಬೀಳುತ್ತದೆಂದು ವಿಚಾರಿಸುವುದು ಲೇಸು.