ಖೋಲಿಯಿಂದ ಬೆಡ್‌ರೂಮಿಗೆ: ಮಂಚದಡಿಯ ಟ್ರಂಕನ್ನು ಮಾರುವ ಮುನ್ನ...

ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಮಲಗುವ ಕೋಣೆ ಎಂಬುದು ಇರಲೇ ಇಲ್ಲ, ಮಲಗುವಷ್ಟು ಜಾಗ ಇತ್ತು ಅಷ್ಟೆ. ಹೋಟೆಲಿನಲ್ಲಿ ದುಡಿಯುವ ಹುಡುಗರು ರಾತ್ರಿ ಶಟರ್ ಎಳೆದ ಮೇಲೆ ಎರಡು ಮೇಜು ಜೋಡಿಸಿ ಮಲಗುತ್ತಿದ್ದರು. ರಾತ್ರಿ ಶಾಲೆ ಮುಗಿಸಿ ಬಂದವರಿಗೂ ಅಲ್ಲೇ ಒಂದು ಮೂಲೆ. ಮಿಲ್ಲಿನ ಕಾರ್ಮಿಕರು ಪಾಳಿಗೆ ತಕ್ಕಂತೆ ಒಂದೇ ಖೋಲಿಯಲ್ಲಿ ಸರದಿಯ ಮೇಲೆ ನಿದ್ದೆ ಮಾಡಿದವರು.

1920ರ ದಶಕದಲ್ಲಿ ಕಟ್ಟಿಸಿದ ಬಿಡಿಡಿ ಚಾಳುಗಳನ್ನೇ ನೋಡಿ. ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವ್ಡಿಗಳಲ್ಲಿ ಒಟ್ಟು 207 ಕಟ್ಟಡಗಳು. ಒಂದೊಂದು ಕುಟುಂಬಕ್ಕೆ ಸಿಕ್ಕಿದ್ದು ಸುಮಾರು 160 ಚದರ ಅಡಿಯ ಒಂದೇ ಖೋಲಿ. ಅಡುಗೆ, ಊಟ, ಮಕ್ಕಳ ಓದು, ಹೆಂಗಸರ ಬಾಣಂತನ ಎಲ್ಲವೂ ಅದರೊಳಗೇ. ಇಂಥ ಚಾಳುಗಳಲ್ಲಿ ಮನೆಗೆ ಹೊಸ ಸೊಸೆ ಬಂದರೆ ನಡುವೆ ಒಂದು ಪರದೆ ಇಳಿಯುತ್ತಿತ್ತು, ಗಂಡಸರ ಚಾಪೆ ಗ್ಯಾಲರಿಗೆ ಹೋಗುತ್ತಿತ್ತು.

ಖೋಲಿಯಲ್ಲಿ ಇದ್ದ ಒಂದೇ ಕಬ್ಬಿಣದ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸುತ್ತಿದ್ದರು. ಹಾಗೆ ಮಾಡಿದರೆ ಮಂಚದಡಿ ಅಕ್ಕಿ ಡಬ್ಬ, ಸುತ್ತಿಟ್ಟ ಹಾಸಿಗೆ, ಊರಿನಿಂದ ತಂದ ಟ್ರಂಕು ಎಲ್ಲಕ್ಕೂ ಎಡೆಯಾಗುತ್ತಿತ್ತು. ಕರಾವಳಿಯವರ ಮನೆಯಲ್ಲಿ ಓಲೆಯ ಚಾಪೆ, ಉತ್ತರ ಕರ್ನಾಟಕದವರ ಮನೆಯಲ್ಲಿ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿ. ಅವ್ವನ ಇಳಕಲ್ ಸೀರೆ ಯಾವುದು, ಸೋದರತ್ತೆಯದು ಯಾವುದು ಎಂದು ಕೌದಿ ಮುಟ್ಟಿ ಹೇಳಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲು ಹಡಗಿನಲ್ಲೋ ಬಸ್ಸಿನಲ್ಲೋ ಬಂದ ಆ ಟ್ರಂಕಿನೊಳಗೆ ಏನಿದೆ ಎಂದು ಎಷ್ಟು ಮಂದಿ ತೆರೆದು ನೋಡಿದ್ದೇವೆ? ನುಸಿಗುಳಿಗೆಯ ವಾಸನೆಯ ನಡುವೆ ಮದುವೆಯ ಸೀರೆ ಇರುತ್ತದೆ. ಅದರಡಿ ಊರಿನ ಇನ್‌ಲ್ಯಾಂಡ್ ಪತ್ರಗಳು, ಮನಿಯಾರ್ಡರ್ ರಶೀದಿ, ಸಾವಿನ ಸುದ್ದಿ ತಂದ ಟೆಲಿಗ್ರಾಂ, 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋದವರ ಪಾಸ್, ಸಂಘದ ಹಳೆಯ ನಾಟಕದ ಕರಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್ಲು. ಟೆಲಿಗ್ರಾಂ ಸೇವೆಯೇ 2013ರಲ್ಲಿ ನಿಂತುಹೋಯಿತು, ಆ ಕಾಗದ ಇನ್ನು ಹೊಸದಾಗಿ ಬರುವಂತಿಲ್ಲ.

ಈಗ ಚಾಳುಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ವರ್ಲಿ ಬಿಡಿಡಿಯಲ್ಲಿ 2025ರ ಆಗಸ್ಟ್‌ನಲ್ಲಿ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ, ಎರಡು ಬೆಡ್‌ರೂಮಿನ ಮನೆಗಳ ಕೀಲಿಕೈ ಸಿಕ್ಕಿತು. ಸಂತೋಷದ ಸಂಗತಿಯೇ. ಆದರೆ ಪುನರ್‌ವಿಕಾಸವಾದ ಮನೆಗಳಲ್ಲಿ ಆಗುವುದೇನು? ಒಂದು ಬೆಡ್‌ರೂಮ್ ಮಗ-ಸೊಸೆಗೆ, ಇನ್ನೊಂದು ಓದುವ ಮಕ್ಕಳಿಗೆ. ಅಜ್ಜಿಯ ಹಾಸಿಗೆ ಹಾಲ್‌ನಲ್ಲಿ, ಟಿವಿ ಆರುವ ತನಕ ಅವರಿಗೆ ನಿದ್ದೆಯಿಲ್ಲ. ಹೊಸ ಬಾಕ್ಸ್ ಮಂಚ ಬಂದಾಗ ಹಳೆಯ ಟ್ರಂಕಿಗೆ ಜಾಗವಿಲ್ಲ, ಅದು ಭಂಗಾರದವನ ಪಾಲು. ಒಳಗಿದ್ದ ಕಾಗದ ರದ್ದಿಗೆ.

ಸಂಘದ ಬಾಂಧವರು ಈ ವಿಷಯದಲ್ಲಿ ಮನಸ್ಸು ಮಾಡಬೇಕು. ಮನೆ ಬದಲಿಸುವವರು ಟ್ರಂಕು ಕೊಡುವ ಮುನ್ನ ಒಂದು ಭಾನುವಾರ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಲಿ. ಫೋಟೋದಲ್ಲಿರುವವರ ಹೆಸರು, ಊರು, ವರ್ಷ ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಲಿ. ಪತ್ರಗಳಿಗೆ ಲ್ಯಾಮಿನೇಶನ್ ಬೇಡ, ಮೊಬೈಲಿನಲ್ಲಿ ಚಿತ್ರ ತೆಗೆದು ಮೂಲವನ್ನು ಒಣ ಕಾಗದದ ಲಕೋಟೆಯಲ್ಲಿ ಇಟ್ಟರೆ ಸಾಕು. ಕರಪತ್ರ, ಸ್ಮರಣ ಸಂಚಿಕೆಗಳು ಬೇಡವೆನಿಸಿದರೆ ರದ್ದಿಗೆ ಹಾಕದೆ ಸಂಘದ ಕಚೇರಿಗೆ ತಲುಪಿಸಲಿ. ಸಂಘಗಳು ಅವುಗಳಿಗಾಗಿ ಒಂದು ಕಪಾಟು ಮೀಸಲಿಟ್ಟರೆ ಮುಂದಿನ ಅಮೃತ ಮಹೋತ್ಸವ, ಶತಮಾನೋತ್ಸವದ ಸಂಚಿಕೆಗೆ ಬೇರೆಡೆ ಹುಡುಕುವ ಪ್ರಮೇಯ ಬಾರದು.

ಹಾಗೆಯೇ ಹೊಸ ಮನೆಯ ನಕ್ಷೆ ನೋಡುವಾಗ, ಅಷ್ಟು ವರ್ಷ ಚಾಪೆಯಲ್ಲಿ ಮಲಗಿ ನಮ್ಮನ್ನು ಓದಿಸಿದವರ ಮಂಚ ಎಲ್ಲಿ ಎಂಬುದನ್ನು ಮೊದಲು ನಿಶ್ಚಯಿಸೋಣ.